ಇದ್ದಿಲೇ ಇರಲಿ

"ಈಗ ಒಂದು ಚೂರು ಗ್ಯಾಸ್ ಬಿಡ್ತೀನಿ ಅಕ್ಕ. ವಾಸನೆ ಬಂದ ತಕ್ಷಣ ಹೇಳಿ," ಎಂದು ಗ್ಯಾಸ್ ರಿಪೇರಿಯವನು ಗ್ರಿಲ್ಲಿನ ಕೆಳಗೆ ಕೈ ಹಾಕಿದ. ಹೊಸ ತಿರುಪು ಬಿಗಿಯಾಗಿತ್ತು. ಅವನು ಅದರ ಜೊತೆ ಗುದ್ದಾಡುತ್ತಿರುವಾಗಲೇ ಅವಳು ಅಂಗೈಯಿಂದ ಮೂಗು ಮುಚ್ಚಿಕೊಂಡು, "ಬಂತು, ಬಂತು! ಅಬ್ಬಾ, ಏನು ಘಾಟು! ಮುಚ್ಚಿಬಿಡಿ," ಎಂದಳು.

ಅವನು ತಲೆ ಎತ್ತಿ ಅವಳನ್ನು ನೋಡಿದ. ಗ್ಯಾಸ್ ಇನ್ನೂ ಬಿಟ್ಟೇ ಇರಲಿಲ್ಲ.

ಸುಟ್ಟ ಕೋಳಿ ಮಾರುವ ಆ ಪುಟ್ಟ ಅಂಗಡಿ ಗಂಡ ಹೆಂಡಿರಿಬ್ಬರದೇ. ಬೆಂಕಿಯ ಮುಂದೆ ಅವಳು, ಗಲ್ಲಾದಲ್ಲಿ ಅವನು. ಹೊಗೆ ಮೇಲಿನ ಮಹಡಿಯವರ ಕಿಟಕಿಗೆ ನುಗ್ಗುತ್ತಿದೆ ಎಂದು ಕಟ್ಟಡದ ಮಾಲೀಕ ತಕರಾರು ತೆಗೆದ ಮೇಲೆ, ಇದ್ದಿಲಿನ ಗ್ರಿಲ್ಲನ್ನು ಗ್ಯಾಸಿಗೆ ಬದಲಾಯಿಸುವುದೆಂದು ಗಂಡ ತೀರ್ಮಾನಿಸಿದ್ದ. ಅವಳದು ಮಾತ್ರ ಒಂದೇ ಪಟ್ಟು: "ಇದ್ದಿಲೇ ಇರಲಿ ರೀ. ಬೇಕಾದ್ರೆ ಹೊಗೆ ಕೊಳವೆ ಎತ್ತರ ಮಾಡಿಸೋಣ." ಯಾಕೆ ಎಂದರೆ ರುಚಿ ಕೆಡುತ್ತದೆ ಎನ್ನುವಳು. ಅವನ ದನಿ ಏರಿದ ಕೂಡಲೇ ಸುಮ್ಮನಾಗುವಳು. ಕೊನೆಗೂ ಇವತ್ತು ಬೂದಿ ಬೀಳುವ ತಟ್ಟೆಯನ್ನು ಕಳಚಿ, ಸಾಲು ತೂತುಗಳ ಬರ್ನರ್ ಕೂರಿಸಿ, ರಬ್ಬರ್ ಪೈಪು ಎಳೆದು ಸಿಲಿಂಡರಿಗೆ ಜೋಡಿಸಿದ್ದಾಗಿತ್ತು. ಸೋಪಿನ ನೀರು ಹಚ್ಚಿ ನೋಡಿದ್ದೂ ಆಗಿತ್ತು. ಎಲ್ಲೂ ಗುಳ್ಳೆ ಎದ್ದಿರಲಿಲ್ಲ. ಗ್ಯಾಸ್ ಸೋರಿದರೆ ತಿಳಿಯಲೆಂದು ಅವಳಿಗೆ ಅದರ ವಾಸನೆಯ ಗುರುತು ಮಾಡಿಕೊಡುವುದೊಂದೇ ಬಾಕಿ.

"ಇನ್ನೊಂದ್ಸಲ ನೋಡೋಣ," ಎಂದು ರಿಪೇರಿಯವನು ಈ ಸಲ ನಿಜಕ್ಕೂ ತಿರುಪು ತಿರುಗಿಸಿದ. ಬೀದಿಯ ಗದ್ದಲದಲ್ಲಿ ಗ್ಯಾಸಿನ ಸದ್ದು ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಂಡ, "ಥೂ, ಏನು ಗಬ್ಬು!" ಎಂದು ಮುಖ ಸಿಂಡರಿಸಿದ. ಬರ್ನರಿಗೆ ಅಂಟಿಕೊಂಡಂತೆ ನಿಂತಿದ್ದ ಅವಳ ಮುಖ ಒಂದಿಷ್ಟೂ ಕದಲಲಿಲ್ಲ. ಅವಳು ರಿಪೇರಿಯವನ ಬೆರಳುಗಳನ್ನೇ ನೋಡುತ್ತಿದ್ದಳು, ಯಾವಾಗ ಹೂಂ ಅನ್ನಬೇಕೆಂಬುದು ಅಲ್ಲಿಂದ ತಿಳಿಯುತ್ತದೇನೋ ಎಂಬಂತೆ.

ಅವನು ತಿರುಪು ಮುಚ್ಚಿ, ಕಿಟಕಿ ತೆರೆದು ಬಂದ. "ಅಕ್ಕ, ನಿಮಗೆ ವಾಸನೆ ಗೊತ್ತಾಗಲ್ಲ, ಅಲ್ವಾ?"

ಗಂಡ ನಕ್ಕುಬಿಟ್ಟ. "ಅವಳಿಗಾ? ದಿನಾ ರಾಶಿ ರಾಶಿ ಮಸಾಲೆ ಅರೆಯೋಳಿಗೆ ವಾಸನೆ ಗೊತ್ತಾಗಲ್ವಂತೆ! ಒಳ್ಳೆ ಕಥೆ..." ನಗು ಅರ್ಧಕ್ಕೇ ನಿಂತಿತು. ಬೆಳಗ್ಗೆ ಮಾಂಸದ ಬೋಗುಣಿಯನ್ನು ಅವನ ಮೂಗಿನ ಹತ್ತಿರ ತಂದು "ತಾಜಾ ಇದೆಯಾ ನೋಡ್ರೀ" ಎನ್ನುವವಳು ಅವಳು. ಮಸಾಲೆ ಅರೆದರೆ "ಹದ ಬಂತಾ ನೋಡ್ರೀ" ಎಂದು ಚಮಚ ಚಾಚುವವಳು. ಯಜಮಾನನೆಂಬ ಗೌರವಕ್ಕೆ ಕೇಳುತ್ತಾಳೆ ಎಂದು ಅವನು ಒಳಗೊಳಗೇ ಬೀಗಿದ್ದ.

"ಇದ್ದಿಲಾದ್ರೆ ಎಲ್ಲಾ ಕಣ್ಣಿಗೆ ಕಾಣುತ್ತೆ," ಎಂದಳು ಅವಳು, ನೆಲ ನೋಡುತ್ತ. "ಮೇಲೆ ಬೂದಿ ಬೆಳ್ಳಗಾದ್ರೆ ಕೆಂಡ ಹದಕ್ಕೆ ಬಂತು ಅಂತ. ಕಪ್ಪು ಹೊಗೆ ಎದ್ರೆ ಕೋಳಿ ಸೀಯ್ತಿದೆ ಅಂತ. ಹೇಗೋ ಸಾಗ್ತಿತ್ತು."

"ಯಾವಾಗಿಂದ ಹೀಗೆ?" ಕೇಳಿದವನು ರಿಪೇರಿಯವನೇ.

"ತಲೆಗೆ ಪೆಟ್ಟಾದಾಗಿಂದ. ಹಿಂದಕ್ಕೆ ಬಿದ್ದಿದ್ದೆ."

"ಯಾವತ್ತು ಬಿದ್ದೆ ನೀನು?" ಗಂಡನಿಗೆ ಆಶ್ಚರ್ಯ. "ನನಗೊಂದು ಮಾತು ಹೇಳಿಲ್ವಲ್ಲ!"

ಅವಳು ಪಾತ್ರೆ ತೊಳೆಯುವ ಕಲ್ಲಿನ ತೊಟ್ಟಿಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು, ಅಷ್ಟೆ. ಗಂಡನ ಮುಖ ಇಳಿದುಹೋಯಿತು. ಹಿಂದೊಂದು ಸಂಜೆ ಗಿರಾಕಿಯೊಬ್ಬ ಕೋಳಿ ಸೀದಿದೆಯೆಂದು ನಾಲ್ಕು ಜನರ ಮುಂದೆ ಕೂಗಾಡಿ ವಾಪಸು ಕೊಟ್ಟಿದ್ದ. ಅವನು ಹೋದದ್ದೇ ತಡ, ಗಂಡ ಒಳಗೆ ಬಂದು ಎರಡೂ ಕೈಯಿಂದ ಅವಳನ್ನು ತಳ್ಳಿದ್ದ. ತೊಟ್ಟಿಯ ಅಂಚು ಹಿಂದಲೆಗೆ ಬಡಿದಿತ್ತು. ಅವಳು ಎದ್ದು, ಒದ್ದೆ ಬಟ್ಟೆಯನ್ನು ತಲೆಗೆ ಒತ್ತಿಕೊಂಡು, ಗ್ರಿಲ್ಲಿನ ಮೇಲಿದ್ದ ಕೋಳಿಗಳನ್ನು ಮಗುಚಿ ಹಾಕಿದ್ದಳು. ಅವಳು ಕೆಲಸಕ್ಕೆ ನಿಂತದ್ದನ್ನು ನೋಡಿ, ಏನೂ ಆಗಿಲ್ಲವೆಂದು ಅವನು ಮರೆತೂಬಿಟ್ಟಿದ್ದ.

"ಡಾಕ್ಟರಿಗಾದ್ರೂ ತೋರಿಸಬೇಕಿತ್ತಲ್ಲ ಅಕ್ಕ," ಎಂದ ರಿಪೇರಿಯವನು.

"ಹೇಗೆ ಬಿದ್ದೆ ಅಂತ ಕೇಳ್ತಾರಲ್ಲ."

ರಿಪೇರಿಯವನು ಗ್ರಿಲ್ಲಿನ ಪಕ್ಕ ಕೂತು, ಪೈಪು ಕಳಚಲು ಸ್ಪ್ಯಾನರ್ ಎತ್ತಿಕೊಂಡ. "ತಪ್ಪು ತಿಳೀಬೇಡಿ ಯಜಮಾನ್ರೇ. ವಾಸನೆ ಗೊತ್ತಾಗದವರ ಕೈಗೆ ಇದನ್ನ ಕೊಟ್ಟು ಹೋಗೋಕೆ ನನ್ನ ಮನಸ್ಸು ಒಪ್ಪಲ್ಲ."

"ತಡಿಯಪ್ಪ, ಕಳಚಬೇಡ." ಗಂಡನ ದನಿ ಮೆತ್ತಗಾಗಿತ್ತು. ಆ ದನಿ ಕೇಳಿ ಅವಳಿಗೇ ಎಷ್ಟೋ ಕಾಲವಾಗಿತ್ತು. "ಗಲ್ಲಾಕ್ಕೆ ಬೇರೆ ಯಾರನ್ನಾದ್ರೂ ಕೂರಿಸ್ತೀನಿ. ಅಂಗಡಿ ತೆಗೆದಾಗಿಂದ ಮುಚ್ಚೋವರೆಗೂ ನಾನೇ ಇವಳ ಪಕ್ಕದಲ್ಲಿ ನಿಂತಿರ್ತೀನಿ. ವಾಸನೆ ನಾನು ನೋಡ್ಕೋತೀನಿ."

ಸ್ಪ್ಯಾನರ್ ಹಿಡಿದ ಕೈ ಅಲ್ಲೇ ನಿಂತಿತು. ಏನು ಮಾಡಲಿ ಎಂಬಂತೆ ರಿಪೇರಿಯವನು ಅವಳ ಮುಖ ನೋಡಿದ.

ಅವಳು ಗಂಡನಿಂದ ದೂರಕ್ಕೆ, ಗ್ರಿಲ್ಲಿನ ಆಚೆ ಬದಿಗೆ ಸರಿದು ನಿಂತಳು.

"ಬೇಡ ರೀ. ಗ್ಯಾಸ್ ಒಂದೇ ಆದ್ರೆ ಹೇಗೋ ಹುಷಾರಾಗಿರ್ತೀನಿ. ಗ್ಯಾಸಿನ ಮೇಲೂ ನಿಮ್ಮ ಮೇಲೂ ಒಟ್ಟಿಗೇ ಕಣ್ಣಿಡೋಕೆ ನನ್ನ ಕೈಲಾಗಲ್ಲ."