ಬೋರ್ಡಿನ ಇಟ್ಟಿಗೆ

"ಇದು ಹಾಳಾಯ್ತಲ್ಲ ಮಗಾ," ಎಂದು ಸೀನಣ್ಣ ಲೇಸರ್ ಮಿಶನ್ನಿನಲ್ಲಿ ಅಕ್ಷರ ಕೆತ್ತುವಾಗ ಕರಕಲಾದ ಆಟಿಕೆ ಇಟ್ಟಿಗೆಯನ್ನು ಎತ್ತಿಕೊಂಡರು.

"ಅದು ಟ್ರಯಲ್ ಅಪ್ಪ. ಮೊದಲ ದೋಸೆಯ ಹಾಗೆ, ಬಿಸಾಡುದು," ಎಂದ ಸುಹಾಸ. ಮುಂಬಯಿಯ ಗ್ರಾಂಟ್ ರೋಡಿನ ಅವರ ಇಡ್ಲಿ-ದೋಸೆ ಹೋಟೆಲಿಗೆ ಐವತ್ತು ವರ್ಷ ತುಂಬುತ್ತಿತ್ತು. ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಮಗ ಅದರ ಮಾದರಿ ಕಟ್ಟಿದ್ದ. ಬಾಗಿಲ ಮೇಲಿನ 'ದುರ್ಗಾ ಭವನ' ಬೋರ್ಡೊಂದೇ ಬಾಕಿ.

ಹೊಸ ಇಟ್ಟಿಗೆ ಕೊಡಲೆಂದು ಸೀನಣ್ಣ ಡಬ್ಬಿಗೆ ಕೈಹಾಕಿದರು. ತಳದಲ್ಲಿ, ಕಾಗದದಲ್ಲಿ ಸುತ್ತಿಟ್ಟದ್ದೊಂದು ಸಿಕ್ಕಿತು. ಅದರ ಮೇಲೆ 'ಸುಹಾಸ್ ಬಾರ್' ಎಂದಿತ್ತು.

"ಅದೂ ಟ್ರಯಲ್," ಎಂದ ಸುಹಾಸ, ಮಿಶನ್ನಿನಿಂದ ಕಣ್ಣೆತ್ತದೆ.

ಸೀನಣ್ಣ ಅಕ್ಷರಗಳ ಮೇಲೆ ಉಗುರಾಡಿಸಿದರು. ಎಲ್ಲೂ ಕರಕಲಿಲ್ಲ. ಮಾದರಿಯ ಬಾಗಿಲ ಮೇಲೆ ಒತ್ತಿದರು, ಟಕ್ಕೆಂದು ಕೂತಿತು.

"ಇದು ಮೊದಲ ದೋಸೆ ಅಲ್ಲ ಮಾರಾಯ," ಎಂದರು. "ಕಾವಲಿ ಹದಕ್ಕೆ ಬಂದ ಮೇಲೆ ಹೊಯ್ದದ್ದು."