ಎರಡು ಗೆರೆ

ನಡುರಾತ್ರಿಯ ಗುಡಾರದಲ್ಲಿ ಲೇಖನಿಯ ಮೊನೆ ಕಾಗದದ ಮೇಲೆ ಎರಡು ಸಲ ಕರಕ್ಕೆಂದಿತು. ಸಾರ್ಜೆಂಟ್ ಲೆಮ್ಯುಯೆಲ್ ಆ ಸದ್ದಿಗೇ ಬೆಚ್ಚಿ, ಪಕ್ಕದಲ್ಲಿ ಜ್ವರದಿಂದ ಮಲಗಿದ್ದ ಏಸಾನ ಕಡೆ ನೋಡಿದ.

ಅಮೆರಿಕದ ಅಂತರ್ಯುದ್ಧದಲ್ಲಿ ಕಾದುತ್ತಿದ್ದ ಅಯೋವಾ ರಾಜ್ಯದ ಈ ಸ್ವಯಂಸೇವಕ ದಳದ ಕರಾರು ಬೇಸಿಗೆಗೆ ಮುಗಿಯುವುದಿತ್ತು. ಮುಕ್ಕಾಲು ಪಾಲು ಜನ ಇನ್ನೂ ಮೂರು ವರ್ಷ ಕಾದಾಡುತ್ತೇವೆಂದು ಪಟ್ಟಿಯಲ್ಲಿ ರುಜು ಹಾಕಿದರೆ ಅವರೆಲ್ಲ ಈಗಲೇ ಮೂವತ್ತು ದಿನ ರಜೆಯ ಮೇಲೆ ಊರಿಗೆ ಹೋಗಬಹುದು. ಒಂದೇ ಒಂದು ರುಜು ಕಡಿಮೆ ಬಿದ್ದಿತ್ತು. "ನಾನು ಹಾಕಲ್ಲ ಕಣೋ," ಎಂದು ಸಂಜೆ ಏಸಾ ಹೇಳಿದ್ದ. "ಇಬ್ರು ಅಣ್ಣಂದಿರು ಹೋದ್ರು. ನೀನು ಹೆಂಡ್ತಿ ಮುಖ ನೋಡೋಕೆ ನಾನೂ ಸಾಯ್ಬೇಕೇನಪ್ಪ, ಸಾರ್ಜೆಂಟ್ ಸಾಹೇಬ?" ಎಲ್ಲರೂ ನಕ್ಕಿದ್ದರು. ಲೆಮ್ಯುಯೆಲ್ ತನ್ನ ಮಗಳ ಮುಖವನ್ನು ಇನ್ನೂ ಕಂಡೇ ಇರಲಿಲ್ಲ. ಏಸಾನಿಗೆ ಬರೆಯಲು ಬಾರದು. ಅವನ ರುಜು ಎಂದರೆ ಒಂದನ್ನೊಂದು ಹಾಯುವ ಎರಡು ಗೆರೆ, ಅಷ್ಟೆ.

"ಏನೋ ಬರೀತಿದ್ದೀಯ, ಲೆಮ್?" ಏಸಾ ಕಣ್ಣು ತೆರೆಯದೆಯೇ ಕೇಳಿದ.

"ಮನೆಗೆ ಕಾಗದ."

"ನಮ್ಮವ್ವನಿಗೂ ಒಂದು ಬರಿ. ಜೋಳ ಎದೆಮಟ್ಟ ಬರೋ ಹೊತ್ತಿಗೆ ಮನೇಲಿರ್ತೀನಿ ಅನ್ನು."

ಲೆಮ್ಯುಯೆಲ್ ಬೇರೆ ಹಾಳೆ ತೆಗೆದು ಅದನ್ನೂ ಒಂದೇ ಸಾಲಿನಲ್ಲಿ ಬರೆದ. ಆಮೇಲೆ ಪಟ್ಟಿಯಲ್ಲಿ ಏಸಾನ ಹೆಸರಿನ ಮುಂದೆ ತಾನು ಎಳೆದಿದ್ದ ಎರಡು ಗೆರೆಗಳ ಹಸಿ ಶಾಯಿಯನ್ನು ಊದಿ ಒಣಗಿಸಿದ. ಜ್ವರದ ಮಂಪರಿನಲ್ಲಿ ನೀನೇ ಹಾಕಿದೆ ಎಂದರೆ ಏಸಾ ನಂಬುತ್ತಾನೆ. ನಿಜವನ್ನು ಯಾರಿಗೂ, ಹೆಂಡತಿಗೂ ಕೂಡ, ಹೇಳಬಾರದು ಎಂದುಕೊಂಡು ದೀಪ ಆರಿಸಿದ.