ಎಡಗಣ್ಣಿನ ಮಲ್ಲಿಗೆ

ತಿಮ್ಮಕ್ಕ ಬಲಗಣ್ಣು ಮುಚ್ಚಿದಳು, ಮಲ್ಲಿಗೆ ಹಳದಿ. ಎಡಗಣ್ಣು ಮುಚ್ಚಿದಳು, ಮಲ್ಲಿಗೆ ಬೆಳ್ಳಗೆ, ಆಗಷ್ಟೇ ಒಗೆದು ಹರವಿದ ಪಂಚೆಯ ಹಾಗೆ. ಮತ್ತೆ ಬಲ, ಮತ್ತೆ ಎಡ. ಕೈಯಲ್ಲಿದ್ದುದು ಮಾತ್ರ ಅದೇ ಒಂದು ದಂಡೆ.

ಕುಮಟೆಯ ಕಣ್ಣಿನ ಶಿಬಿರದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದು ಅವಳಿಗೆ ಅಂದಿಗೆ ಹದಿನೈದು ದಿನ. ಭಟ್ಕಳದ ಬಸ್‌ಸ್ಟ್ಯಾಂಡಿನ ಎದುರು ಮೂವತ್ತು ವರ್ಷ ಹೂ ಕಟ್ಟಿ ಮಾರಿದ ಮುದುಕಿ ಹೀಗೆ ಆಟವಾಡುವುದನ್ನು ಕಂಡು ಸೊಸೆ ಗಂಗಾ ನಕ್ಕಳು.

"ಎಂತ ಅತ್ತೆ, ಹೂವಿಗೇ ಕಣ್ಣು ಹೊಡಿತ್ರಾ?"

"ಇದು ಇವತ್ತಿಂದಾ, ನಿನ್ನೆದಾ?"

"ಬೆಳಿಗ್ಗೆ ಕೊಯ್ದದ್ದು. ಈಗ ಬಂತು."

"ಎಡಗಣ್ಣಲ್ಲಿ ಹಳದಿ ಕಾಣ್ತದಲ್ಲೇ."

"ಆ ಕಣ್ಣಿನ ಪೊರೆ ಇನ್ನೂ ಹಾಂಗೇ ಉಂಟಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ," ಎಂದು ಗಂಗಾ ಒಳಗೆ ಹೋದಳು.

ತಿಮ್ಮಕ್ಕನಿಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ, ರೈಲು ಶುರುವಾದ ಹೊಸತರಲ್ಲಿ, ಮುಟ್ಟಳ್ಳಿಯಲ್ಲಿ ಮಲ್ಲಿಗೆ ಬೆಳೆದು ತನಗೆ ಕೊಡುತ್ತಿದ್ದ ಸುಬ್ಬಿ ತಂದ ಬುಟ್ಟಿಯನ್ನು ನಾಲ್ಕು ಜನರ ಮುಂದೆ ಕಾಲಿನಿಂದ ಸರಿಸಿ, "ನಿನ್ನೆಯ ಹಳದಿ ಹೂ ತಂದು ನಂಗೇ ಟೋಪಿ ಹಾಕ್ತ್ಯಾ?" ಎಂದಿದ್ದಳು. ತಿಮ್ಮಕ್ಕನೇ ಹೇಳಿದ ಮೇಲೆ ಇನ್ನೆಂತ? ಆಮೇಲೆ ಸುಬ್ಬಿಯ ಹೂವನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಮುಟ್ಟಲಿಲ್ಲ. ಬೇರೆಯವರು ತಂದದ್ದೂ ಹಳದಿಯೇ ಕಂಡಾಗ ತಿಮ್ಮಕ್ಕ, ಲೋಕವೇ ಕೆಟ್ಟಿತು ಎಂದು ಶಾಪ ಹಾಕುತ್ತ ಕಟ್ಟಿದ್ದಳೇ ಹೊರತು ತನ್ನ ಕಣ್ಣನ್ನು ಒಮ್ಮೆಯೂ ಸಂಶಯಿಸಲಿಲ್ಲ. ಶ್ರಾವಣದ ಪ್ರವಚನದಲ್ಲಿ ಸ್ವಾಮಿಗಳು, "ಇರುವುದು ಒಂದೇ, ನೋಡುವವರು ಎರಡು ಮಾಡಿಕೊಳ್ಳುತ್ತಾರೆ" ಎಂದದ್ದನ್ನು ಅರ್ಧ ತೂಕಡಿಕೆಯಲ್ಲಿ ಕೇಳಿ ತಲೆಯಾಡಿಸಿ ಬಂದಿದ್ದಳು. ಆ ಮಾತು ಈಗ ಚುಚ್ಚಿತು. ಇಪ್ಪತ್ತು ವರ್ಷದ ಗೆಳತಿಯನ್ನು ಕಳೆದುಕೊಂಡದ್ದು ಯಾವ ಹೂವಿಗಾಗಿ?

ಆಸ್ಪತ್ರೆಯವರು ಕೊಟ್ಟ ಕರಿ ಕನ್ನಡಕ ಏರಿಸಿಕೊಂಡು ಅವಳು ಮುಟ್ಟಳ್ಳಿಗೆ ನಡೆದೇ ಹೋದಳು. ಸುಬ್ಬಿ ಗಿಡಗಳಿಗೆ ನೀರು ಹೊಯ್ಯುತ್ತಿದ್ದಳು. ನೋಡಿದಳು, ಕೊಡ ಕೆಳಗಿಡಲಿಲ್ಲ.

"ಇನ್ನೆಂತ ಬಾಕಿ ಉಂಟು ಅಂತ ಹೇಳಿ ಬಂದ್ಯೆ?"

"ಹಳದಿ ಇದ್ದದ್ದು ನನ್ನ ಕಣ್ಣಲ್ಲಿ ಸುಬ್ಬಿ, ನಿನ್ನ ಹೂವಲ್ಲಿ ಅಲ್ಲ. ನನ್ನಿಂದ ದೊಡ್ಡ ತಪ್ಪಾತು."

ಪೊರೆಯ ಕಥೆಯನ್ನೆಲ್ಲ ಹೇಳಿ ಮುಗಿಸುವಷ್ಟು ಹೊತ್ತೂ ಸುಬ್ಬಿ ನೀರು ಹೊಯ್ಯುತ್ತಲೇ ಇದ್ದಳು. ಕೊಡ ಖಾಲಿಯಾದ ಮೇಲೆ ಮೆಲ್ಲಗೆ ಹೇಳಿದಳು.

"ದಿನಾ ಕೊಯ್ದ ಮೊಗ್ಗನ್ನ ಬಿಸಿಲಿಗೆ ಹಿಡಿದು ನೋಡ್ತಿದ್ದೆ ತಿಮ್ಮಕ್ಕ. ನಿನ್ನ ಮಾತು ಕಿವಿಲಿ ಕೂತಿತ್ತು. ಬರ್ತಾ ಬರ್ತಾ ನಂಗೂ ಹಳದಿನೇ ಕಾಣೂಕೆ ಶುರುವಾತು. ರೋಗ ಬಂತು ಅಂತ ಹೇಳಿ ಹತ್ತು ಗಿಡ ಕಿತ್ತು ಎಸೆದೆ. ನನ್ನ ಕಣ್ಣಿಗೆ ಯಾವ ಪೊರೆನೂ ಇರ್ಲಿಲ್ಲ."

ಅಳಬಾರದು ಎಂದು ಡಾಕ್ಟರು ಹೇಳಿದ್ದರು. ತಿಮ್ಮಕ್ಕ ಅತ್ತಳು.

ಸುಬ್ಬಿ ಎಲೆಯ ಮರೆಯಲ್ಲಿ ಉಳಿದಿದ್ದ ಒಂದು ಮೊಗ್ಗು ಕಿತ್ತು ಅವಳ ಮುಂದೆ ಹಿಡಿದಳು. "ಈಗ ಹೇಳು, ಬಣ್ಣ ಎಂತ?"

ತಿಮ್ಮಕ್ಕ ಕನ್ನಡಕ ತೆಗೆದಳು. ಮೊಗ್ಗನ್ನು ನೋಡಲಿಲ್ಲ, ಸುಬ್ಬಿಯ ಮುಖವನ್ನೇ ನೋಡಿದಳು. "ನೀನೇ ಹೇಳು. ನಂಗೆ ನಿನ್ನ ಕಣ್ಣೇ ಸಾಕು."

ಸುಬ್ಬಿ ಮೊಗ್ಗನ್ನು ಬಿಸಿಲಿಗೆ ಹಿಡಿದಳು. ತಿರುಗಿಸಿ ತಿರುಗಿಸಿ ನೋಡಿದಳು.

"ಬಿಳಿ," ಎಂದಳು.